ಕನಸಿನಲ್ಲಿ ಎದ್ದು ಹೋದ ತಂಗಿ

ಪೋಲೆಂಡಿನ ಆಶ್ವಿಟ್ಸ್ ಎಂಬ ನಾಜಿ ಶಿಬಿರದಿಂದ ಬದುಕಿ ಬಂದ ಇಟಲಿಯ ಕೆಮಿಸ್ಟ್ ಪ್ರೀಮೊ ಲೇವಿಗೆ ಹಸಿವು, ಚಳಿ, ಏಟುಗಳಿಗಿಂತ ದೊಡ್ಡ ಭಯ ಒಂದಿತ್ತು. ಊರಿಗೆ ಹೋಗಿ ಹೇಳಿದರೆ ಯಾರಾದರೂ ಕೇಳುತ್ತಾರೆಯೆ? ಅದೇ ಭಯ ಮುಂಡರಗಿಯ ಒಂದು ಪಡಸಾಲೆಯಲ್ಲೂ ಜೋಳ ಹಸನು ಮಾಡುತ್ತ ಕೂತಿತ್ತು.

ಮಧ್ಯಾಹ್ನದ ಹೊತ್ತು. ಬಿಸಿಲೆಂಬುದಿಲ್ಲ. ನೆಲದ ತುಂಬ ತುಳಿದು ತುಳಿದು ಬೂದಿ ಬಣ್ಣಕ್ಕೆ ತಿರುಗಿದ ಹಿಮ. ಇಬ್ಬರು ಗಂಡಸರು ಒಂದು ಹೆಣವನ್ನು ಹೊತ್ತು ಮರದ ಶೆಡ್ಡಿನಿಂದ ಹೊರಗೆ ಬರುತ್ತಾರೆ. ಹೆಣ ಹಗುರ. ಹೊತ್ತವರೂ ಹಗುರವೇ.

ಹೂಳಲು ಗುಂಡಿ ತೋಡುವ ಶಕ್ತಿ ಯಾರಿಗೂ ಉಳಿದಿಲ್ಲ. ಇದ್ದ ಗುಂಡಿ ತುಂಬಿ ಎಷ್ಟೋ ದಿನವಾಗಿದೆ. ಹೆಣವನ್ನು ಹಿಮದ ಮೇಲೆಯೇ ಇಳಿಸುತ್ತಾರೆ. ಅಷ್ಟರಲ್ಲಿ ಮುಳ್ಳುತಂತಿಯ ಆಚೆ, ರಸ್ತೆಯ ಮೇಲೆ, ಕುದುರೆ ಏರಿ ಬಂದ ನಾಲ್ವರು ಹುಡುಗರು ಕಾಣಿಸುತ್ತಾರೆ. ರಷ್ಯನ್ ಸೈನಿಕರು. ತಂತಿಯ ಹತ್ತಿರ ಬಂದು ನಿಲ್ಲುತ್ತಾರೆ, ಒಳಗೆ ನೋಡುತ್ತಾರೆ. ನಗುವುದಿಲ್ಲ, ಕೈ ಎತ್ತುವುದಿಲ್ಲ, ‘ನೀವು ಬಿಡುಗಡೆಯಾದಿರಿ’ ಎಂದು ಕೂಗುವುದೂ ಇಲ್ಲ. ಬೇರೆಯವರ ಮನೆಯೊಳಗೆ ನೋಡಬಾರದ್ದನ್ನು ನೋಡಿಬಿಟ್ಟವರ ಹಾಗೆ ನಾಚಿಕೆಯಿಂದ ನಿಂತುಬಿಡುತ್ತಾರೆ.

ಅದು 1945ರ ಜನವರಿ 27. ಹೆಣ ಹೊತ್ತವರಲ್ಲಿ ಒಬ್ಬನ ಎಡಗೈ ಮೇಲೆ 174517 ಎಂದು ಹಚ್ಚೆ ಹೊಯ್ದಿದ್ದರು. ವಯಸ್ಸು 25. ಹೆಸರು ಪ್ರೀಮೊ ಲೇವಿ.

ನಮ್ಮ ಗದಗದಲ್ಲಿ ಜನವರಿ 27 ಅಂದರೆ ಗಣರಾಜ್ಯೋತ್ಸವದ ಮರುದಿನ. ಕಾಗದದ ಬಾವುಟಗಳು ಗಟಾರದ ದಂಡೆಗೆ ಬಿದ್ದಿರುತ್ತವೆ, ಪ್ರಭಾತಫೇರಿಗೆ ಕೂಗಿ ಕೂಗಿ ಮಕ್ಕಳ ಗಂಟಲು ಕಟ್ಟಿರುತ್ತದೆ. ವಿಶ್ವಸಂಸ್ಥೆ ಇದೇ ದಿನವನ್ನು ಯಹೂದಿ ನರಮೇಧದ ಸ್ಮರಣೆಯ ದಿನವೆಂದು 2005ರಲ್ಲಿ ಗೊತ್ತುಮಾಡಿತು. ಪತ್ರಿಕೆಯ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಓದುತ್ತೇವೆ, ಪುಟ ತಿರುವುತ್ತೇವೆ. ಅಷ್ಟು ದೂರದ್ದು, ಅಷ್ಟು ಹಳೆಯದು, ನಮಗೇನು?

ನಾನೂ ಹಾಗೆಯೇ ಅಂದುಕೊಂಡಿದ್ದವನು. ಲೇವಿಯ ಪುಸ್ತಕದಲ್ಲಿ ಒಂದು ಕನಸಿನ ಪ್ರಸಂಗ ಓದುವವರೆಗೆ. ಅದನ್ನು ಓದಿದ ರಾತ್ರಿ ನನಗೆ ಪೋಲೆಂಡ್ ನೆನಪಾಗಲಿಲ್ಲ, ಮುಂಡರಗಿಯ ನಮ್ಮ ಆಯಿ ನೆನಪಾದಳು.

ಹಂಚಿನ ಮೇಲಿನ ರೊಟ್ಟಿ

ಆಯಿ ಎಂದರೆ ಅಪ್ಪನ ಅವ್ವ. ಕೊಪ್ಪಳ ಸೀಮೆಯ ಒಂದು ಸಣ್ಣ ಊರಿನವಳು. 1948ರ ಮಳೆಗಾಲದಲ್ಲಿ ಹೈದರಾಬಾದ್ ನಿಜಾಮನ ಪರ ಆಯುಧ ಹಿಡಿದ ರಜಾಕಾರರು ಬಂದರೆಂಬ ಕೂಗು ಎದ್ದಾಗ ಬಗಲಲ್ಲಿ ಹಸುಗೂಸು, ಕೈಯಲ್ಲಿ ಒಂದು ಹಿತ್ತಾಳೆ ತಂಬಿಗೆ ಹಿಡಿದು ರಾತ್ರೋರಾತ್ರಿ ಮುಂಡರಗಿಗೆ ಬಂದವಳು.

ಅವಳ ಕತೆ ಯಾವಾಗಲೂ ಒಂದೇ ಮಾತಿನಿಂದ ಶುರುವಾಗುತ್ತಿತ್ತು. “ಹಂಚಿನ ಮ್ಯಾಲ ರೊಟ್ಟಿ ಇತ್ತು...” ಒಂದು ಮಗ್ಗಲು ಬೆಂದಿತ್ತು, ತಿರುವಿ ಹಾಕಬೇಕು ಅನ್ನುವಷ್ಟರಲ್ಲಿ ಹೊರಗೆ ಗದ್ದಲ. ರೊಟ್ಟಿ ಹಂಚಿನ ಮೇಲೆಯೇ ಬಿಟ್ಟು ಹಿತ್ತಲ ಬಾಗಿಲಿನಿಂದ ಹೊರಬಿದ್ದದ್ದು. ಆಮೇಲೆ ಎರೆ ಹೊಲ. ಮಳೆಗೆ ನೆನೆದ ಎರೆಮಣ್ಣು ಕಾಲಿಗೆ ಹತ್ತಿ ಒಂದೊಂದು ಪಾದವೂ ಒಂದೊಂದು ಸೇರು ಭಾರ. ಆಮೇಲೆ ಹಳ್ಳ...

ಹಳ್ಳದ ತನಕ ಬರುವಷ್ಟರಲ್ಲಿ ಪಡಸಾಲೆ ಖಾಲಿಯಾಗಿರುತ್ತಿತ್ತು. ಒಬ್ಬನಿಗೆ ಗೋಲಿ, ಇನ್ನೊಬ್ಬಳಿಗೆ ಕುಂಟಬಿಲ್ಲೆ. ಸೊಸೆಯರಿಗೆ ಒಲೆಯ ಮೇಲೆ ಹಾಲು ಉಕ್ಕುವ ಚಿಂತೆ. “ಮತ್ತ ಸುರು ಆತು ನೋಡು” ಎಂದು ಒಬ್ಬರನ್ನೊಬ್ಬರು ನೋಡಿ ನಕ್ಕು ಏಳುತ್ತಿದ್ದೆವು. ಆಯಿ ಬಯ್ಯುತ್ತಿರಲಿಲ್ಲ. ಮೊರದಲ್ಲಿಯ ಜೋಳದೊಳಗಿನ ಹರಳು ಆರಿಸುತ್ತ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ರಜಾಕಾರರ ಹಾವಳಿಯನ್ನು ಆಶ್ವಿಟ್ಸ್ ಜೊತೆ ತೂಗಲು ನಾನು ತಕ್ಕಡಿ ಹಿಡಿದಿಲ್ಲ. ಒಂದು ಇಡೀ ಜನಾಂಗವನ್ನು ಪಟ್ಟಿ ಮಾಡಿ, ರೈಲಿಗೆ ತುಂಬಿ, ಕಾರ್ಖಾನೆಯ ಶಿಸ್ತಿನಲ್ಲಿ ಕೊಂದದ್ದೇ ಬೇರೆ. ಇದೇ ಬೇರೆ. ನನ್ನ ಮಾತು ಕೊಂದವರದ್ದಲ್ಲ. ಉಳಿದು ಬಂದವರದ್ದು, ಅವರ ಎದುರು ಕೂತವರದ್ದು.

> ನಾಲ್ಕು ಸರಕಾರಗಳ ಸೀಮೆ
> ಸ್ವಾತಂತ್ರ್ಯಕ್ಕೆ ಮುಂಚೆ ಒಂದೇ ದಿನದ ಗಾಡಿ ಪ್ರಯಾಣದಲ್ಲಿ ನಾಲ್ಕು ಆಡಳಿತ ದಾಟಬಹುದಿತ್ತು. ಗದಗ-ಬೆಟಗೇರಿ, ಮುಂಡರಗಿ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮೀರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು. ಮುಂಡರಗಿಯ ಪೂರ್ವಕ್ಕೆ ಹೈದರಾಬಾದ್ ನಿಜಾಮನ ಸೀಮೆ.
> 1947ರ ಆಗಸ್ಟ್ 15ರ ನಂತರವೂ ನಿಜಾಮ ಭಾರತಕ್ಕೆ ಸೇರಲಿಲ್ಲ. ಗಡಿಯ ಈಚೆ ಹೋರಾಟದ ಶಿಬಿರಗಳು ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳು. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ಒಳನುಗ್ಗಿತು, 17ಕ್ಕೆ ನಿಜಾಮ ಮಣಿದ.

650 ಜನ, 12 ಡಬ್ಬಿ

ಲೇವಿ ಹುಟ್ಟಿದ್ದು 1919ರ ಜುಲೈ 31ರಂದು, ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿ. ಓದುವ ಮನೆತನ. ಯಹೂದಿಗಳೆಂಬುದು ಹಬ್ಬ ಹರಿದಿನಕ್ಕೆ ಮಾತ್ರ ನೆನಪಾಗುವ ಸಂಗತಿ. ಹುಡುಗನಿಗೆ ಗುಡ್ಡ ಹತ್ತುವ ಹುಚ್ಚು, ರಸಾಯನಶಾಸ್ತ್ರದ ಹುಚ್ಚು.

1938ರಲ್ಲಿ ಮುಸೊಲಿನಿ ಸರಕಾರ ಜನಾಂಗೀಯ ಕಾನೂನು ತಂದಿತು. ಯಹೂದಿಗಳು ಹೊಸದಾಗಿ ಕಾಲೇಜು ಸೇರುವಂತಿಲ್ಲ. ಆಗಲೇ ಸೇರಿದವರು ಓದು ಮುಗಿಸಬಹುದು. ಲೇವಿ 1941ರಲ್ಲಿ ಅತ್ಯುಚ್ಚ ದರ್ಜೆಯಲ್ಲಿ ಪಾಸಾದ. ಪದವಿಪತ್ರದ ಮೇಲೆ ಅಂಕದ ಜೊತೆ ‘ಯಹೂದಿ ಜನಾಂಗದವನು’ ಎಂದೂ ಬರೆದುಕೊಟ್ಟರು.

ಎರಡು ವರ್ಷದ ನಂತರ ಜರ್ಮನರು ಉತ್ತರ ಇಟಲಿ ಹಿಡಿದಾಗ ಆಲ್ಪ್ಸ್ ಬೆಟ್ಟದಲ್ಲಿ ಗುಪ್ತ ಹೋರಾಟಗಾರರ ಗುಂಪು ಸೇರಿದ. ಗುಂಪು ಅನ್ನುವುದು ದೊಡ್ಡ ಮಾತು. ಬಂದೂಕು ಹಿಡಿಯಲು ಸರಿಯಾಗಿ ಬಾರದ ಕೆಲವು ಹುಡುಗರು. 1943ರ ಡಿಸೆಂಬರ್ 13ರ ನಸುಕಿನಲ್ಲಿ ಸಿಕ್ಕಿಬಿದ್ದ. ಹೋರಾಟಗಾರನೆಂದರೆ ಗುಂಡಿಟ್ಟು ಕೊಂದಾರೆಂದು ‘ನಾನು ಯಹೂದಿ’ ಎಂದ. ಜೀವ ಉಳಿಸಿಕೊಳ್ಳಲು ಹೇಳಿದ ಮಾತೇ ಅವನನ್ನು ಫೊಸ್ಸೊಲಿಯ ಬಂದೀಖಾನೆಗೂ ಅಲ್ಲಿಂದ ರೈಲಿಗೂ ಒಯ್ದಿತು.

1944ರ ಫೆಬ್ರುವರಿ 22. ಸಾಮಾನು ಸಾಗಿಸುವ 12 ಡಬ್ಬಿಗಳಲ್ಲಿ 650 ಜನ. ಗದಗ ಜಂಕ್ಷನ್ನಿನಲ್ಲಿ ಹತ್ತಿ ಅಂಡಿಗೆ ತುಂಬುತ್ತಿದ್ದ ಡಬ್ಬಿಗಳನ್ನು ನೋಡಿದ ಹಳಬರು ಅಳತೆ ಊಹಿಸಿಕೊಳ್ಳಬಹುದು. ಮುದುಕರು, ಕೂಸುಗಳು, ಬಾಣಂತಿಯರು. ನಾಲ್ಕು ದಿನ, ಕುಡಿಯಲು ನೀರಿಲ್ಲ. ರಾತ್ರಿ ಆಶ್ವಿಟ್ಸ್‌ನಲ್ಲಿ ಇಳಿಸಿದಾಗ ದುಡಿಯಬಲ್ಲರೆಂದು ಆರಿಸಿದ್ದು 96 ಗಂಡಸರು, 29 ಹೆಂಗಸರು. ಉಳಿದ 500ಕ್ಕೂ ಹೆಚ್ಚು ಮಂದಿ ಎರಡು ದಿನವೂ ಬದುಕಲಿಲ್ಲ. ಲೇವಿಯ ಡಬ್ಬಿಯಲ್ಲಿದ್ದ 45 ಜನರಲ್ಲಿ ಮನೆಗೆ ಮರಳಿದವರು ನಾಲ್ವರು.

ಅವನನ್ನು ಹಾಕಿದ್ದು ಮೊನೊವಿಟ್ಸ್ ಎಂಬ ಶಿಬಿರಕ್ಕೆ. ಪಕ್ಕದಲ್ಲೇ ಐ.ಜಿ. ಫಾರ್ಬೆನ್ ಕಂಪನಿ ಕಟ್ಟಿಸುತ್ತಿದ್ದ ಬೂನಾ ಎಂಬ ಕೃತಕ ರಬ್ಬರ್ ಕಾರ್ಖಾನೆ. ಸಾವಿರಾರು ಜನರ ಜೀವ ತೆಗೆದ ಆ ಕಾರ್ಖಾನೆಯಿಂದ ಕೊನೆಗೂ ಒಂದು ಕಿಲೋ ರಬ್ಬರ್ ಹೊರಬರಲಿಲ್ಲ.

ಲೈಟರ್ ಕಲ್ಲು, ಗಾರೆಯವನ ಸೂಪು

ಲೇವಿ ಉಳಿದದ್ದು ಧೈರ್ಯದಿಂದಲ್ಲ, ಅದೃಷ್ಟದಿಂದ. ಅವನೇ ಹಾಗೆ ಹೇಳುತ್ತಾನೆ. ಕೆಮಿಸ್ಟ್ರಿಯ ಪುಸ್ತಕ ಓದಲು ಕಲಿತಿದ್ದ ಅಷ್ಟಿಷ್ಟು ಜರ್ಮನ್ ಗೊತ್ತಿತ್ತು. ಇನ್ನೂ ಬೇಕೆಂದು ತನ್ನ ಪಾಲಿನ ಬ್ರೆಡ್ ಕೊಟ್ಟು ಒಬ್ಬ ಕೈದಿಯಿಂದ ಪಾಠ ಹೇಳಿಸಿಕೊಂಡ. ಅಪ್ಪಣೆ ಅರ್ಥವಾಗದವನಿಗೆ ಮೊದಲು ಏಟು, ಆಮೇಲೆ ಸಾವು. ಅಲ್ಲಿ ಭಾಷೆ ಬರುವುದೆಂದರೆ ಅನ್ನ ಸಿಗುವುದು.

1944ರ ಕೊನೆಗೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಹೊರಗೆ ಹಿಮ, ಒಳಗೆ ಒಲೆ. ಅಲ್ಲಿ ಒಂದು ಜಾಡಿಯಲ್ಲಿ ಬೂದು ಬಣ್ಣದ ಸಣ್ಣ ಕಡ್ಡಿಗಳು ಕಂಡವು. ಚೂರಿಯಿಂದ ಕೆರೆದರೆ ಕಿಡಿ ಹಾರುತ್ತದೆ. ಸೀರಿಯಂ! ಸಿಗರೇಟು ಲೈಟರಿಗೆ ಹಾಕುವ ಕಲ್ಲು ಇದರಿಂದಲೇ ಆಗುವುದು. ನಲವತ್ತು ಕಡ್ಡಿ ಕದ್ದು ತಂದ. ಗೆಳೆಯ ಆಲ್ಬರ್ಟೊ ಜೊತೆ ರಾತ್ರಿ ಕಂಬಳಿಯ ಒಳಗೆ ಕೂತು, ಕಿಡಿ ಹಾರಿ ಹಾಸಿಗೆ ಹೊತ್ತಿಕೊಂಡೀತೆಂಬ ಹೆದರಿಕೆಯಲ್ಲೇ, ಒಂದೊಂದನ್ನೂ ಅಳತೆಗೆ ಕೆರೆದ. ಒಂದು ಕಡ್ಡಿಗೆ ಮೂರು ಕಲ್ಲು, ಒಟ್ಟು 120. ಕಳ್ಳಪೇಟೆಯಲ್ಲಿ ಅದರ ಬೆಲೆ ಬ್ರೆಡ್. ಇಬ್ಬರಿಗೂ ಎರಡೆರಡು ತಿಂಗಳ ಆಯುಷ್ಯ ಎಂದು ಲೆಕ್ಕ ಹಾಕಿಕೊಂಡರು.

ಇನ್ನೊಂದು ಅದೃಷ್ಟದ ಹೆಸರು ಲೊರೆಂಜೊ ಪೆರೋನೆ. ಗೋಡೆ ಕಟ್ಟುವ ಗಾರೆ ಕೆಲಸದವ. ಕೈದಿಯಲ್ಲ, ಕೂಲಿಗೆ ಬಂದ ಇಟಲಿಯವ. ಮಾತು ಬಹಳ ಕಡಿಮೆ. ಆರು ತಿಂಗಳು ದಿನವೂ ತನ್ನ ಪಾಲಿನಲ್ಲಿ ಉಳಿಸಿ ಲೇವಿಗೆ ಸೂಪು ತಂದುಕೊಟ್ಟ. ತೇಪೆ ಹಾಕಿದ ತನ್ನ ಬನಿಯನ್ ಕೊಟ್ಟ. ಊರಿಗೆ ಕಾಗದ ಹಾಕಿ ಉತ್ತರವನ್ನೂ ತರಿಸಿದ. ಬದಲಿಗೆ ಏನೂ ತೆಗೆದುಕೊಳ್ಳಲಿಲ್ಲ. ಯುದ್ಧ ಮುಗಿದ ಮೇಲೆ ಈ ಲೊರೆಂಜೊಗೇ ಬದುಕು ಬೇಡವಾಯಿತು. ಕುಡಿತಕ್ಕೆ ಬಿದ್ದ, ಕ್ಷಯ ಹಿಡಿಯಿತು, 1952ರಲ್ಲಿ ತೀರಿಹೋದ. ಕೈದಿಯಾಗಿದ್ದವನು ಉಳಿದ, ಕೈದಿಯ ಕಷ್ಟ ಕಣ್ಣಾರೆ ಕಂಡವನು ಉಳಿಯಲಿಲ್ಲ. ಲೇವಿ ಮಗಳಿಗೆ ಲೀಸಾ ಲೊರೆಂಜಾ ಎಂದೂ ಮಗನಿಗೆ ರೆಂಜೊ ಎಂದೂ ಹೆಸರಿಟ್ಟ.

ಮರೆತ ಸಾಲಿಗೆ ಒಂದು ಊಟ

ಗದುಗಿನವರಿಗೆ ಲೇವಿಯ ಒಂದು ಅಧ್ಯಾಯವನ್ನು ವಿಶೇಷವಾಗಿ ಹೇಳಬೇಕು.

ನಮ್ಮ ವೀರನಾರಾಯಣ ಗುಡಿಯಲ್ಲಿ ಒಂದು ಕಂಬವನ್ನು ಎಲ್ಲರೂ ತೋರಿಸುತ್ತಾರೆ. ಕೋಳಿವಾಡದ ನಾರಣಪ್ಪ, ಅಂದರೆ ಕುಮಾರವ್ಯಾಸ, ಮಿಂದು, ಒದ್ದೆ ಬಟ್ಟೆಯಲ್ಲಿ ಆ ಕಂಬಕ್ಕೆ ಒರಗಿ ಭಾರತ ಬರೆಯುತ್ತಿದ್ದನಂತೆ. ಬಟ್ಟೆ ಆರಿದ ಕೂಡಲೆ ಪದ್ಯ ನಿಲ್ಲುತ್ತಿತ್ತಂತೆ. ನಿಜವೋ ಸುಳ್ಳೋ, ಐದು ನೂರು ವರ್ಷದಿಂದ ಆ ಪದ್ಯಗಳು ಮಾತ್ರ ಈ ಸೀಮೆಯ ಬಾಯಲ್ಲಿ ಒಣಗಿಲ್ಲ. ಗಮಕದ ವಾಚನ ನಡೆದಾಗ ನೋಡಿ. ಓದುವವರು ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತರೆ ಮುಂದಿನ ಸಾಲು ಹಿಂದೆ ಕೂತ ರುಮಾಲಿನ ಅಜ್ಜನ ಬಾಯಿಂದ ಬರುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜ.

ಬೂನಾದಲ್ಲಿ ಒಂದು ದಿನ ಲೇವಿಗೆ ಸೂಪಿನ ಹಂಡೆ ಹೊತ್ತು ತರುವ ಕೆಲಸ ಬಿತ್ತು. ಜೊತೆಗೆ ಝಾನ್ ಎಂಬ ಫ್ರೆಂಚ್ ಮಾತಾಡುವ ಹುಡುಗ. ಅಡುಗೆ ಮನೆಗೆ ಒಂದು ಕಿಲೋಮೀಟರ್ ದಾರಿ. ಹೋಗುವಾಗ ಕೈ ಖಾಲಿ, ಬರುವಾಗ 50 ಕಿಲೋ ಭಾರ. ಹುಡುಗ ‘ನನಗೆ ಇಟಾಲಿಯನ್ ಕಲಿಸು’ ಎಂದ. ಲೇವಿಗೆ ಯಾಕೋ ಡಾಂಟೆ ನೆನಪಾದ. ಡಾಂಟೆ ಇಟಲಿಯವರಿಗೆ ನಮಗೆ ಕುಮಾರವ್ಯಾಸನಿದ್ದ ಹಾಗೆ. ಅವನ ನರಕದ ಕಾಂಡದಲ್ಲಿ ಯುಲಿಸಿಸ್ ತನ್ನ ಕೊನೆಯ ಸಮುದ್ರಯಾನದ ಕತೆ ಹೇಳುವ ಭಾಗ.

ಒಂದು ಸಾಲು ನೆನಪಾಗುತ್ತದೆ, ಮುಂದಿನ ಎರಡು ಜಾರುತ್ತವೆ. ಅರ್ಧ ಪದ್ಯ ಫ್ರೆಂಚಿನಲ್ಲಿ ಬಿಡಿಸಿ ಹೇಳುತ್ತಾನೆ, ನಡುವೆ ಹೊಂಡ. ಅಡುಗೆ ಮನೆ ಹತ್ತಿರವಾಗುತ್ತಿದೆ. ಆ ಮರೆತ ಸಾಲು ನೆನಪಾಗುವುದಾದರೆ ಈ ಹೊತ್ತಿನ ಸೂಪು ಬಿಟ್ಟುಕೊಟ್ಟೇನು ಅನ್ನಿಸುತ್ತದೆ. ಹಸಿವಿನಿಂದ ಎಲುಬು ಎಣಿಸುವಂತಾದವನು ಒಂದು ಸಾಲಿಗೆ ಊಟ ಬಿಡಲು ತಯಾರಾಗುವ ಈ ಜಾಗಕ್ಕೆ ಬಂದಾಗಲೆಲ್ಲ ನಾನು ಪುಸ್ತಕ ಕೆಳಗಿಡುತ್ತೇನೆ. ಅವನ ಹಿಂದೆ ಕೂತು ಮುಂದಿನ ಸಾಲು ಎತ್ತಿಕೊಡಲು ರುಮಾಲಿನ ಅಜ್ಜನಿರಲಿಲ್ಲ.

ಆ ಕನಸು

ಶಿಬಿರದ ಹಲಗೆಯ ಮೇಲೆ ಲೇವಿಗೆ ಮತ್ತೆ ಮತ್ತೆ ಬೀಳುತ್ತಿದ್ದ ಕನಸು ಇದು. ಊರಿಗೆ ಮರಳಿದ್ದಾನೆ. ತಂಗಿ ಇದ್ದಾಳೆ, ಗೆಳೆಯರಿದ್ದಾರೆ. ಎಲ್ಲ ಹೇಳುತ್ತಿದ್ದಾನೆ: ಗಟ್ಟಿ ಹಲಗೆ, ಹಸಿವು, ಹೇನು ಹುಡುಕುವ ತಪಾಸಣೆ, ಮೂಗಿಗೆ ಗುದ್ದಿದ ಮೇಸ್ತ್ರಿ. ಮನೆಯಲ್ಲಿ ನಮ್ಮವರ ನಡುವೆ ಕೂತು ಹೇಳುವುದರ ಸುಖ ಮೈತುಂಬ ಇದೆ. ಆದರೆ ಯಾರೂ ಕೇಳುತ್ತಿಲ್ಲ. ತಮ್ಮತಮ್ಮಲ್ಲೇ ಬೇರೇನೋ ಮಾತಾಡಿಕೊಳ್ಳುತ್ತಿದ್ದಾರೆ. ತಂಗಿ ಅವನತ್ತ ಒಮ್ಮೆ ನೋಡಿ, ಒಂದು ಮಾತೂ ಆಡದೆ ಎದ್ದು ಹೋಗುತ್ತಾಳೆ.

ಬೆಳಿಗ್ಗೆ ಆಲ್ಬರ್ಟೊಗೆ ಹೇಳಿದ. ಆಲ್ಬರ್ಟೊ ‘ನನಗೂ ಇದೇ ಕನಸು’ ಎಂದ. ವಿಚಾರಿಸಿದರೆ ಬಹಳ ಜನಕ್ಕೆ ಅದೇ ಕನಸು.

ಹೇಳದ ಕತೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಕನ್ನಡದ ಹೆಂಗಸರ ಬಾಯಲ್ಲೇ ಒಂದು ಕತೆಯಿದೆ. ಎ.ಕೆ. ರಾಮಾನುಜನ್ ಬರೆದಿಟ್ಟುಕೊಂಡದ್ದು. ಒಬ್ಬ ಹೆಣ್ಣುಮಗಳಿಗೆ ಒಂದು ಕತೆ, ಒಂದು ಹಾಡು ಗೊತ್ತು. ಯಾರಿಗೂ ಹೇಳಲೊಲ್ಲಳು. ಒಳಗೇ ಉಸಿರುಗಟ್ಟಿದ ಅವೆರಡೂ ಒಂದು ದಿನ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಗಂಡಸಿನ ಚಪ್ಪಲಿಯಾಗಿ, ಅಂಗಿಯಾಗಿ ಬಾಗಿಲಲ್ಲಿ ಕೂತವು. ಗಂಡ ಬಂದು ನೋಡಿದ, ಸಂಶಯಪಟ್ಟ, ಜಗಳ ತೆಗೆದು ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಗುಡಿಯಲ್ಲಿ ಸೇರಿ ಹರಟುತ್ತವೆ. ತಡವಾಗಿ ಬಂದ ಅವನ ಮನೆಯ ಜ್ವಾಲೆ ನಡೆದದ್ದನ್ನು ಹೇಳಿತು. ಗಿರೀಶ ಕಾರ್ನಾಡರ ‘ನಾಗಮಂಡಲ’ ನೋಡಿದವರಿಗೆ ಈ ಜ್ವಾಲೆಗಳು ಹೊಸವಲ್ಲ.

ನಮ್ಮ ಕತೆಯಲ್ಲಿ ಹೇಳದವಳದ್ದು ತಪ್ಪು. ಲೇವಿಯ ಕನಸಿನಲ್ಲಿ ಹೇಳುವವನು ಹೇಳುತ್ತಲೇ ಇದ್ದಾನೆ.

ಇಪ್ಪತ್ತಮೂರು ಹನಿ

1945ರ ಜನವರಿ 11ಕ್ಕೆ ಲೇವಿಗೆ ಸ್ಕಾರ್ಲೆಟ್ ಜ್ವರ ಬಂತು. ಅದೂ ಅದೃಷ್ಟವೇ. ಒಂದು ವಾರದಲ್ಲಿ ಜರ್ಮನರು ಸುಮಾರು 60,000 ಕೈದಿಗಳನ್ನು ಹಿಮದಲ್ಲಿ ಪಶ್ಚಿಮಕ್ಕೆ ನಡೆಸಿಕೊಂಡು ಹೋದರು. ಏಳಲಾಗದ ರೋಗಿಗಳನ್ನು ಬಿಟ್ಟರು. ಗಟ್ಟಿಮುಟ್ಟಾಗಿದ್ದ ಆಲ್ಬರ್ಟೊ ನಡೆದು ಹೋದ, ಮರಳಲಿಲ್ಲ. ಜ್ವರದಲ್ಲಿದ್ದ ಲೇವಿ ಹತ್ತು ದಿನ ಆಲೂಗಡ್ಡೆ ಅಗೆದು ಬದುಕಿದ.

ಬಿಡುಗಡೆಯಾದ ಮೇಲೂ ಮನೆ ಮುಟ್ಟಲು ಒಂಬತ್ತು ತಿಂಗಳು ಹಿಡಿಯಿತು. ಪೋಲೆಂಡ್, ಬೆಲಾರೂಸ್, ರೊಮೇನಿಯ, ಹಂಗೇರಿ ಸುತ್ತಿ ಅಕ್ಟೋಬರ್ 19ಕ್ಕೆ ಟ್ಯೂರಿನ್. ಮನೆ ಹಾಗೆಯೇ ಇತ್ತು. ತಲೆಮರೆಸಿಕೊಂಡು ಉಳಿದಿದ್ದ ತಾಯಿ, ತಂಗಿ ಇದ್ದರು.

ಹೇಳಲು ಶುರುಮಾಡಿದ. ರೈಲಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ಹೇಳಿದ. 1946ರಲ್ಲಿ ಊರ ಹೊರಗಿನ ಬಣ್ಣದ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಿತು. ಊಟದ ಬಿಡುವಿನಲ್ಲಿ, ರೈಲಿನಲ್ಲಿ, ರಾತ್ರಿ ಕಾರ್ಖಾನೆಯ ವಸತಿಯಲ್ಲಿ ಬರೆದ.

ಅದೇ ಕಾರ್ಖಾನೆಯಲ್ಲಿ ಅವನಿಗೊಂದು ಒಗಟು ಬಿಡಿಸಲು ಕೊಟ್ಟರು. ಗೋದಾಮಿನ ತುಂಬ ಕೆಟ್ಟುಹೋದ ಬಣ್ಣ. ಡಬ್ಬದೊಳಗೇ ಗಟ್ಟಿಯಾಗಿ ಕುರಿಯ ಕಾರ್ಜದ ಹಾಗೆ ನಡುಗುತ್ತಿತ್ತು. ಹಳೆಯ ಕಾಗದಗಳನ್ನೆಲ್ಲ ತಡಕಿ ಲೇವಿ ಮೂಲ ಹಿಡಿದ. ಪರೀಕ್ಷೆಗೆ ‘2 ಅಥವಾ 3 ಹನಿ’ ರಾಸಾಯನಿಕ ಹಾಕಬೇಕು. ಕಾರ್ಡು ನಕಲು ಮಾಡಿದ ಯಾರೋ ಅದನ್ನು ‘23 ಹನಿ’ ಎಂದು ಬರೆದಿದ್ದರು. ಅಷ್ಟು ಹಾಕಿದರೆ ಯಾವ ಮಾಲಾದರೂ ಪಾಸಾಗಲೇಬೇಕು! ಅಮೋನಿಯಂ ಕ್ಲೋರೈಡ್ ಸೇರಿಸಿ ಬಣ್ಣವನ್ನು ಸರಿಮಾಡಿದ. ತಮಾಷೆಯೆಂದರೆ, ಕೆಟ್ಟ ಮಾಲು ತೀರಿ ವರ್ಷಗಳಾದ ಮೇಲೂ ಆ ಕಾರ್ಖಾನೆ ಅಮೋನಿಯಂ ಕ್ಲೋರೈಡ್ ಹಾಕುತ್ತಲೇ ಇತ್ತು, ಯಾಕೆಂದು ಯಾರಿಗೂ ನೆನಪಿಲ್ಲದೆ. ನಮ್ಮ ಕಚೇರಿಗಳ ಕಡತ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಲೇವಿಯ ಬರವಣಿಗೆಯ ಗುಟ್ಟು ಇಲ್ಲೇ ಇದೆ ಎಂದು ನನ್ನ ನಂಬಿಕೆ. ಕಾರ್ಖಾನೆಯ ವಾರದ ವರದಿಯೇ ತನ್ನ ಶೈಲಿಗೆ ಮಾದರಿ ಎಂದು ಅವನೇ ಹೇಳಿದ್ದ: ಚಿಕ್ಕದು, ಸ್ಪಷ್ಟ, ಎಲ್ಲರಿಗೂ ತಿಳಿಯುವಂಥದು. ಅವನು ಎದೆ ಬಡಿದುಕೊಳ್ಳುವುದಿಲ್ಲ, ಶಪಿಸುವುದಿಲ್ಲ. ಬೆಟಗೇರಿಯ ನೇಕಾರ ಸೀರೆಯ ಒಂದು ಎಳೆ ಎಲ್ಲಿ ಕಡಿದಿದೆ ಎಂದು ಬೆರಳಾಡಿಸಿ ಹೇಳುವ ಹಾಗೆ ಹೇಳುತ್ತಾನೆ.

ಪುಸ್ತಕ ತಯಾರಾಯಿತು. ಹೆಸರು ಹೆಚ್ಚುಕಡಿಮೆ ‘ಇವನು ಮನುಷ್ಯನೆಂದಾದರೆ’ ಎಂಬ ಅರ್ಥದ್ದು. ಇಟಲಿಯ ದೊಡ್ಡ ಪ್ರಕಾಶನ ಸಂಸ್ಥೆ ಎಯ್ನೌದಿ ಅದನ್ನು ಹಿಂದಕ್ಕೆ ಕಳಿಸಿತು. 1947ರಲ್ಲಿ ಸಣ್ಣ ಪ್ರಕಾಶಕರೊಬ್ಬರು 2,500 ಪ್ರತಿ ಅಚ್ಚುಹಾಕಿದರು. ಯುದ್ಧ ಮುಗಿಸಿ ಮನೆ ಕಟ್ಟಿಕೊಳ್ಳುತ್ತಿದ್ದ ಜನಕ್ಕೆ ಅದು ಬೇಕಿರಲಿಲ್ಲ. ಉಳಿದ 600 ಪ್ರತಿಗಳು ಫ್ಲಾರೆನ್ಸಿನ ಗೋದಾಮಿನಲ್ಲಿ ಬಿದ್ದಿದ್ದು 1966ರ ಪ್ರವಾಹದಲ್ಲಿ ತೊಯ್ದು ಹೋದವು.

ತಂಗಿ ಎದ್ದು ಹೋಗಿದ್ದಳು. ನಿಜವಾದ ತಂಗಿ ಅಲ್ಲ, ಇಡೀ ದೇಶ.

1958ರಲ್ಲಿ ಅದೇ ಎಯ್ನೌದಿ ಮತ್ತೆ ಅಚ್ಚುಹಾಕಿತು. ಹೊಸ ತಲೆಮಾರು ಬಂದಿತ್ತು, ಓದಿತು. ಅಲ್ಲಿಂದ ಪುಸ್ತಕ ನಿಂತಿಲ್ಲ.

> ಪ್ರೀಮೊ ಲೇವಿ: ಪುಸ್ತಕ, ಕೆಲಸ
> 1963: ಮನೆಗೆ ಮರಳಿದ ದಾರಿಯ ಕತೆ ‘ಕದನವಿರಾಮ’. ಮೊದಲ ಕಂಪಿಯೆಲ್ಲೊ ಪ್ರಶಸ್ತಿ ಇದಕ್ಕೇ.
> 1975: ‘ಪೀರಿಯಾಡಿಕ್ ಟೇಬಲ್’. 21 ಅಧ್ಯಾಯ, ಒಂದೊಂದಕ್ಕೂ ಒಂದೊಂದು ಮೂಲವಸ್ತುವಿನ ಹೆಸರು. 2006ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಆಯ್ಕೆಯಲ್ಲಿ ಅತ್ಯುತ್ತಮ ವಿಜ್ಞಾನ ಪುಸ್ತಕವಾಯಿತು.
> 1986: ‘ಮುಳುಗಿದವರು, ಉಳಿದವರು’. ಕೊನೆಯ ದೊಡ್ಡ ಪುಸ್ತಕ.
> ಇದರಲ್ಲಿ ಹೆಚ್ಚಿನದನ್ನು ಬರೆದದ್ದು ಬಣ್ಣದ ಕಾರ್ಖಾನೆಯೊಂದರ ಕೆಮಿಸ್ಟ್ ಆಗಿ, ಮುಂದೆ ಮ್ಯಾನೇಜರ್ ಆಗಿ ದುಡಿಯುತ್ತ. ಪೂರ್ತಿ ಲೇಖಕನಾದದ್ದು ನಿವೃತ್ತಿಯ ನಂತರವೇ.

ಬೂದು ಸೀಮೆ

ಕೊಂದವರು ರಾಕ್ಷಸರು, ಸತ್ತವರು ದೇವರು ಎಂದು ಬರೆದಿದ್ದರೆ ಲೇವಿಗೆ ಓದುಗರು ಬೇಗ ಸಿಗುತ್ತಿದ್ದರೇನೋ. ಅವನು ‘ಬೂದು ಸೀಮೆ’ ಎಂದು ಒಂದನ್ನು ಗುರುತಿಸಿದ. ಒಂದು ಸೌಟು ಹೆಚ್ಚಿನ ಸೂಪಿಗಾಗಿ ತನ್ನವರ ಮೇಲೇ ಕೋಲೆತ್ತಿದ ಕೈದಿ ಅಲ್ಲಿರುತ್ತಾನೆ. ಕಂಡೂ ಕಾಣದಂತಿದ್ದ ಗುಮಾಸ್ತನೂ ಅಲ್ಲೇ.

1960ರ ದಶಕದಲ್ಲಿ ಲೇವಿಯ ಕಾರ್ಖಾನೆಗೆ ಜರ್ಮನಿಯಿಂದ ಬಂದ ರಾಳದ ಮಾಲು ಕೆಟ್ಟಿತ್ತು. ಪತ್ರವ್ಯವಹಾರ ನಡೆಯಿತು. ಆ ಕಡೆಯ ಡಾಕ್ಟರ್ ಮ್ಯುಲರ್ ಒಂದು ರಾಸಾಯನಿಕದ ಹೆಸರನ್ನು ವಿಚಿತ್ರವಾಗಿ ತಪ್ಪು ಬರೆದಿದ್ದ. ಲೇವಿಗೆ ಮಿಂಚು ಹೊಡೆದಂತಾಯಿತು. ಬೂನಾದ ಪ್ರಯೋಗಾಲಯದಲ್ಲಿ ಇದೇ ಹೆಸರಿನ ಒಬ್ಬ ಜರ್ಮನ್ ಇಂಥದೇ ಶಬ್ದವನ್ನು ಹೀಗೇ ತಪ್ಪು ಉಚ್ಚರಿಸುತ್ತಿದ್ದ! ಕಾಗದ ಬರೆದು ಕೇಳಿದ. ಹೌದು, ಅವನೇ. ಕ್ರೂರಿಯೇನಲ್ಲ. ಗಡ್ಡ ಯಾಕೆ ಬೋಳಿಸಿಲ್ಲ ಎಂದು ಒಮ್ಮೆ ಕೇಳಿದ್ದ, ಒಂದು ಜೊತೆ ಚರ್ಮದ ಬೂಟು ಕೊಡಿಸಿದ್ದ. ಸುತ್ತ ನಡೆಯುತ್ತಿದ್ದದ್ದು ಮಾತ್ರ ತನಗೆ ಗೊತ್ತಿರಲಿಲ್ಲವೆಂದ. ಭೇಟಿಯಾಗೋಣ ಎಂದ. ಭೇಟಿಗೆ ಮುಂಚೆಯೇ ಸತ್ತ. ಲೇವಿ ಈ ಕತೆಯನ್ನು ‘ವನೇಡಿಯಂ’ ಎಂಬ ಅಧ್ಯಾಯದಲ್ಲಿ ಬರೆದಿದ್ದಾನೆ. ಅದರಲ್ಲಿ ಕ್ಷಮೆಯೂ ಇಲ್ಲ, ಸೇಡೂ ಇಲ್ಲ.

ನಮ್ಮ ಗಡಿಯ ಕತೆಯಲ್ಲೂ ಬೂದು ಸೀಮೆ ಇದೆ. ರಜಾಕಾರರ ಹಾವಳಿಯನ್ನು ಪ್ರತಿ ಸೆಪ್ಟೆಂಬರ್ 17ಕ್ಕೆ ನೆನೆಯುತ್ತೇವೆ, ನೆನೆಯಬೇಕಾದ್ದೇ. ಸೇನೆಯ ಆ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಅದೇ ನಿಜಾಮ ಸಂಸ್ಥಾನದ ಊರುಗಳಲ್ಲಿ ಎಷ್ಟೋ ಅಮಾಯಕ ಮುಸ್ಲಿಮರ ಮನೆಗಳು ಸುಟ್ಟವು, ಹೆಣಗಳು ಬಿದ್ದವು. ಕೇಂದ್ರ ಸರಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ವರದಿ ದಶಕಗಳ ಕಾಲ ಕಪಾಟಿನಲ್ಲೇ ಉಳಿಯಿತು. ಆ ಮನೆಗಳಲ್ಲೂ ಯಾವಳೋ ಅಜ್ಜಿ ಜೋಳ ಹಸನು ಮಾಡುತ್ತ ಕತೆ ಶುರು ಮಾಡಿರುತ್ತಾಳೆ, ಮೊಮ್ಮಕ್ಕಳು ಎದ್ದು ಹೋಗಿರುತ್ತಾರೆ.

> ಯುರೋಪಿನ ಬೆಂಕಿಯ ಕಿಡಿ ಇಲ್ಲಿಗೂ
> ಬರ್ಲಿನ್ನಿನಲ್ಲಿ ಹುಟ್ಟಿದ ಯಹೂದಿ ಒಟ್ಟೊ ಕ್ಯೋನಿಗ್ಸ್‌ಬರ್ಗರ್ ನಾಜಿಗಳಿಂದ ತಪ್ಪಿಸಿಕೊಂಡು 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಅದರ ಮುಖ್ಯ ವಾಸ್ತುಶಿಲ್ಪಿಯಾದ. ಭುವನೇಶ್ವರ ನಗರದ ನಕ್ಷೆ ಬರೆದವನೂ ಅವನೇ.
> ಕೊಲ್ಹಾಪುರದ ಹತ್ತಿರದ ವಳಿವಡೆಯಲ್ಲಿ 1943ರಿಂದ 1948ರವರೆಗೆ ಪೋಲೆಂಡಿನ ಸುಮಾರು 5,000 ನಿರಾಶ್ರಿತರ ಶಿಬಿರವಿತ್ತು. ಹೆಚ್ಚಿನವರು ಸೋವಿಯತ್ ಗಡೀಪಾರಿನಿಂದ ಉಳಿದು ಬಂದ ಹೆಂಗಸರು, ಮಕ್ಕಳು.
> ನೇಮಿಚಂದ್ರ ಅವರ ‘ಯಾದ್ ವಶೇಮ್’ ಕಾದಂಬರಿ (2007) ನಾಜಿ ಜರ್ಮನಿಯಿಂದ ಪಾರಾಗಿ ಬೆಂಗಳೂರಿಗೆ ಬಂದ ಯಹೂದಿ ಹುಡುಗಿಯ ಕತೆ.

ಐದನೆಯ ಇಯತ್ತೆಯ ಹುಡುಗ

ವಯಸ್ಸಾದ ಮೇಲೆ ಲೇವಿ ನೂರಕ್ಕೂ ಹೆಚ್ಚು ಶಾಲೆಗಳಿಗೆ ಹೋದ. ಒಂದು ಶಾಲೆಯಲ್ಲಿ ಐದನೆಯ ಇಯತ್ತೆಯ ಹುಡುಗನೊಬ್ಬ ಎದ್ದು, ‘ಯಾಕೆ ತಪ್ಪಿಸಿಕೊಳ್ಳಲಿಲ್ಲ?’ ಎಂದ. ಉತ್ತರದಿಂದ ಅವನಿಗೆ ಸಮಾಧಾನವಾಗಲಿಲ್ಲ. ಶಿಬಿರದ ನಕ್ಷೆ ಹಲಗೆಯ ಮೇಲೆ ಬರೆಸಿಕೊಂಡ. ಕಾವಲು ಗೋಪುರ ಎಲ್ಲಿ, ವಿದ್ಯುತ್ ತಂತಿ ಎಲ್ಲಿ, ಗೇಟು ಎಲ್ಲಿ? ಆಮೇಲೆ ಯೋಜನೆ ಬಿಡಿಸಿದ: ರಾತ್ರಿ ಕಾವಲಿನವನನ್ನು ಮುಗಿಸುವುದು, ಅವನ ಬಟ್ಟೆ ತೊಡುವುದು, ಕರೆಂಟು ನಿಲ್ಲಿಸುವುದು, ನಡೆದು ಹೋಗುವುದು. ಇನ್ನೊಮ್ಮೆ ಹಾಗಾದರೆ ತಾನು ಹೇಳಿದಂತೆ ಮಾಡಬೇಕೆಂದು ಲೇವಿಗೆ ತಾಕೀತು ಮಾಡಿದ.

ಲೇವಿ ಇದನ್ನು ಕೇಳುವವರ ಲೋಕಕ್ಕೂ ತನ್ನ ಲೋಕಕ್ಕೂ ನಡುವಿನ ಅಂತರ ಬೆಳೆಯುತ್ತಿದೆ ಎಂಬುದಕ್ಕೆ ಗುರುತಾಗಿ ಬರೆದ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ಗಮನ ಇಟ್ಟು ಕೇಳಿದವನು ಇನ್ನೊಬ್ಬನಿದ್ದನೇ? ಗೇಟು ಎಲ್ಲಿತ್ತು ಎಂದು ನಾವು ಯಾರೂ ಆಯಿಯನ್ನು ಕೇಳಲಿಲ್ಲ.

1987ರ ಏಪ್ರಿಲ್ 11ರಂದು, ತಾನು ಹುಟ್ಟಿದ ಅದೇ ಮನೆಯ ಮೂರನೆಯ ಮಹಡಿಯ ಮೆಟ್ಟಿಲ ಸಂದಿನಿಂದ ಬಿದ್ದು ಲೇವಿ ಸತ್ತ. ಆತ್ಮಹತ್ಯೆಯೆಂದು ತೀರ್ಪಾಯಿತು. ಆಕಸ್ಮಿಕವಾಗಿ ಬಿದ್ದ ಎನ್ನುವವರೂ ಇದ್ದಾರೆ. ಗೋರಿಯ ಮೇಲೆ ಹೆಸರಿನ ಜೊತೆ ಬರೆದದ್ದು 174517.

ಹೋದ ಸಂಕ್ರಾಂತಿಗೆ ಮುಂಡರಗಿಗೆ ಹೋಗಿದ್ದೆ. ಆಯಿ ಹೋಗಿ ಬಹಳ ವರ್ಷವಾಯಿತು. ಆ ರಾತ್ರಿ ಅವಳ ಬಗಲಲ್ಲಿದ್ದ ಕೂಸು ಎಂದರೆ ನಮ್ಮ ಸೋದರತ್ತಿ. ಈಗ ಅವಳಿಗೇ ಮೊಮ್ಮಕ್ಕಳು. ಪಡಸಾಲೆಯಲ್ಲಿ ಅದೇ ಮೊರ ಇಟ್ಟುಕೊಂಡು ಕೂತಿದ್ದಳು. ನಾನು ನೋಟ್‌ಬುಕ್ ತೆಗೆದೆ.

“ಅತ್ತಿ, ಹಂಚಿನ ಮ್ಯಾಲ ರೊಟ್ಟಿ ಬಿಟ್ಟು ಬಂದ್ರಿ. ಎರಿ ಹೊಲ ದಾಟಿದ್ರಿ. ಹಳ್ಳಕ್ಕ ಬಂದ್ರಿ. ಮುಂದ ಏನಾತು?”

ಅತ್ತಿ ಮೊರ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿದಳು.

“ನನಗೂ ಹಳ್ಳದ ಮಟಾನ ಗೊತ್ತಪಾ. ಅವ್ವ ಹೇಳಾಕ ಕುಂತಾಗ ನಾವರ ಯಾರು ಕುಂದ್ರತಿದ್ವಿ?”